ಮೂರನೇ ರಾಡಿನ ಬೇರಿಂಗು

ನಮ್ಮ ರೇಸ್ ಗಾಡಿ ಇಂಡಿಯಿಂದ ಮದ್ರಾಸಿಗೆ ಹೋದದ್ದು ನಿಂಬೆಹಣ್ಣಿನ ಲಾರಿಯಲ್ಲಿ. ಅರ್ಧ ಲಾರಿ ಹಣ್ಣಿನ ಚೀಲ, ಇನ್ನರ್ಧಕ್ಕೆ ಗಾಡಿ. ಊರ ಹೊರಗಿನ ಹಳೆಯ ವಿಮಾನಪಟ್ಟಿಯಲ್ಲಿ ಹಲಗೆ ಹಾಕಿ ಗಾಡಿ ಇಳಿಸುವಾಗ ಸೀಟಿನ ಸಂದಿಯಿಂದ ನಾಲ್ಕು ಹಣ್ಣು ಉರುಳಿ ಡಾಂಬರಿನ ಮೇಲೆ ಬಿದ್ದವು. ಪಕ್ಕದ ಡೇರೆಯ ಮೆಕ್ಯಾನಿಕ್‌ಗಳು ನಕ್ಕರು. ನಾನೂ ನಕ್ಕೆ. ಎರಡು ದಿನ ಕಳೆದು ಅದೇ ಲಾರಿಗೆ ಗಾಡಿ ಹತ್ತಿಸುವಾಗ ನನಗೆ ನಗು ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತಿದು. ಆ ವರ್ಷ ದೇಶಮಟ್ಟದಲ್ಲಿ ಒಂದೇ ಮಾದರಿಯ ಸ್ಪೋರ್ಟ್ಸ್ ಕಾರುಗಳ ಸ್ಪರ್ಧೆ ಇಟ್ಟಿದ್ದರು. ಮೇಲೆ ಚಾವಣಿ ಇಲ್ಲದ, ಇಬ್ಬರೇ ಕೂರುವ ಸಣ್ಣ ಗಾಡಿ. ಎಲ್ಲರಿಗೂ ಅದೇ ಗಾಡಿ, ಅದೇ ಎಂಜಿನ್, ಅದೇ ಟೈರು. ಎಂಜಿನ್ನಿನ ಹೆಡ್ಡಿಗೂ ಕೆಳಗಿನ ಎಣ್ಣೆ ತೊಟ್ಟಿಗೂ ತಂತಿ ಕಟ್ಟಿ ಸೀಸದ ಮುದ್ರೆ ಒತ್ತಿರುತ್ತಿದ್ದರು. ಒಳಗೆ ಕೈ ಹಾಕುವಂತಿಲ್ಲ. ಕಾರ್ಬೊರೇಟರಿನ ಜೆಟ್, ಪ್ಲಗ್ಗು, ಟೈಮಿಂಗು, ಟೈರಿನ ಗಾಳಿ, ಚಕ್ರದ ವಾರೆ, ಮಿಸ್ತ್ರಿಯ ಪಾಲಿಗೆ ಬಿಟ್ಟದ್ದು ಇಷ್ಟೇ. ನಾಲ್ಕು ಊರಲ್ಲಿ ನಾಲ್ಕು ಪಂದ್ಯ. ಅಂಕ ಕೂಡಿಸಿ ಕೊನೆಗೆ ಒಬ್ಬ ಚಾಂಪಿಯನ್.

ಗಾಡಿ ಇಂಡಿಯ ಸಾವಕಾರರೊಬ್ಬರದು. ನಿಂಬೆ ತೋಟದ ದೊಡ್ಡ ಮನೆತನ. ಪುಣೆಯಲ್ಲಿ ಓದುವಾಗ ಮೋಟಾರ್‌ಸೈಕಲ್ ರೇಸಿನ ರುಚಿ ಹತ್ತಿಸಿಕೊಂಡು ಬಂದವರು. ನನಗಿಂತ ಹತ್ತು ವರ್ಷ ಸಣ್ಣವರು. ಗಾಡಿ ಓಡಿಸುವವರು ಅವರೇ. ನಾನು ಸಿಂದಗಿಯಲ್ಲಿ ಲಾರಿ, ಟ್ರ್ಯಾಕ್ಟರು, ನೀರೆತ್ತುವ ಎಂಜಿನ್ ರಿಪೇರಿ ಮಾಡುತ್ತಿದ್ದೆ. ನಮ್ಮಪ್ಪ ಕುರಿ ಕಾಯ್ದವನು. ಸಾವಕಾರರ ತೋಟದ ಎಂಜಿನ್ನುಗಳು ನನ್ನ ಕೈಯಲ್ಲೇ ಇದ್ದವು, ಅಷ್ಟೇ ಪರಿಚಯ. ಮುಂಬೈಯಲ್ಲಿ ಕಂಪನಿಯ ತರಬೇತಿ ಪಡೆದ ಮೆಕ್ಯಾನಿಕ್‌ಗಳು ಸಿಗುತ್ತಿದ್ದಾಗ ನನ್ನನ್ನೇಕೆ ಕರೆದಿರಿ ಎಂದು ಕೇಳಿದ್ದೆ.

"ಅವ್ರಿಗೆ ಗಾಡಿ ಗೊತ್ತೈತಿ ಮಿಸ್ತ್ರಿ. ನಿಮಗ ಎಂಜಿನ್ ಗೊತ್ತೈತಿ," ಎಂದಿದ್ದರು.

ಆ ಮಾತು ಮದ್ರಾಸಿನಲ್ಲಿ ಸುಳ್ಳಾಯಿತು. ಸಿಂದಗಿಯಿಂದ ದೇವಣಗಾಂವದ ಕಡೆ ಹೋಗುವ ನೆಟ್ಟನೆಯ ರಸ್ತೆಯಲ್ಲಿ ಹದಿನೈದು ದಿನ ಓಡಿಸಿ, ಜೆಟ್ ಬದಲಿಸಿ ಬದಲಿಸಿ ನೋಡಿ, ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ ಎನ್ನುವ ಹದಕ್ಕೆ ತಂದಿದ್ದೆ. ಮದ್ರಾಸಿನಲ್ಲಿ ಅದೇ ಗಾಡಿ ಐದನೇ ಸುತ್ತಿಗೆ ಕಾಯತೊಡಗಿತು. ಹತ್ತನೇ ಸುತ್ತಿಗೆ ಏರುದನಿ ಬಿಟ್ಟು ನರಳತೊಡಗಿತು. ಸಾವಕಾರರು ಕಾಲು ಸಡಿಲಿಸಿ ಹೇಗೋ ಮುಗಿಸಿದರು. ಮುಗಿಸಿದವರಲ್ಲಿ ನಾವೇ ಕೊನೆ. ಪ್ಲಗ್ಗು ಬಿಚ್ಚಿದೆ. ಕಂದುಬಣ್ಣ ಇರಬೇಕಾದ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಎಂಜಿನ್ ಒಣಗಿ ಉರಿದಿದೆ ಎಂದು ಗೊತ್ತಾಯಿತು. ಏಕೆ ಸಾಲಲಿಲ್ಲ ಎನ್ನುವುದು ಗೊತ್ತಾಗಲಿಲ್ಲ.

ಸಾವಕಾರರು ಒಂದು ಬಿರುಸು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಊರಿಗೆ ತಂದು ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದೆ. ಏನೂ ಮುಟ್ಟಿಲ್ಲ, ಗಾಡಿ ಹಕ್ಕಿಯ ಹಾಗೆ ಹೋಯಿತು. ತಲೆ ಕೆಟ್ಟಿತು. ಒಂದು ವಾರ ಹೀಗೇ ಕಳೆದ ಮೇಲೆ, ಹೈಸ್ಕೂಲಿನ ವಿಜ್ಞಾನದ ಮಾಸ್ತರರು ತಮ್ಮ ಮೊಪೆಡ್ಡನ್ನು ತಳ್ಳಿಕೊಂಡು ಗ್ಯಾರೇಜಿಗೆ ಬಂದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಎಲ್ಲ ಹೇಳಿದೆ.

"ಮಿಸ್ತ್ರಿ, ಸಿಂದಗಿ ಸಮುದ್ರಕ್ಕಿಂತ ಎಷ್ಟ ಎತ್ತರದಾಗ ಐತಿ ಗೊತ್ತೇನ್ರಿ?"

"ಗೊತ್ತಿಲ್ರಿ. ಸಮುದ್ರಾ ನಾ ಮೊನ್ನೆ ಮದ್ರಾಸಿನಾಗ ಮೊದಲ ಸಲ ನೋಡೇನಿ."

"ಅದs ಮಾತು. ಸಮುದ್ರದ ದಂಡಿಮ್ಯಾಲ ಗಾಳಿ ದಪ್ಪ ಇರತೈತಿ. ಇಲ್ಲಿ ತೆಳು. ಇಲ್ಲಿ ತೆಳು ಗಾಳಿಗೆ ಪೆಟ್ರೋಲ್ ಅಳತಿ ಮಾಡಿ ಅಲ್ಲಿ ಒಯ್ದ್ರ, ಅಲ್ಲಿ ದಪ್ಪ ಗಾಳಿಗೆ ಅಷ್ಟ ಪೆಟ್ರೋಲ್ ಹ್ಯಾಂಗ ಸಾಲತೈತಿ?"

ನಾನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದ್ದೆ. ಆದರೆ ನಾನು ರಿಪೇರಿ ಮಾಡಿದ ಯಾವ ಎಂಜಿನ್ನೂ ಬಯಲುಸೀಮೆ ಬಿಟ್ಟು ಕೆಳಗಿಳಿದಿರಲಿಲ್ಲ. ಮಾಸ್ತರರು ಮರುದಿನ ಶಾಲೆಯ ಭೂಪಟದ ಪುಸ್ತಕ ತಂದರು. ಉಳಿದ ಮೂರೂ ಊರುಗಳ ಎತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎದುರಿಗೆ ಯಾವ ಜೆಟ್ ಎಂದು ಬರೆದೆ. ಬೆಂಗಳೂರು ನಮಗಿಂತ ಎತ್ತರ, ಅಲ್ಲಿ ಸಣ್ಣ ಜೆಟ್. ಕಲಕತ್ತೆ ಸಮುದ್ರದ ಮಟ್ಟ, ಅಲ್ಲಿ ದೊಡ್ಡದು. ಹೈದರಾಬಾದು ಹೆಚ್ಚುಕಡಿಮೆ ನಮ್ಮ ಹಾಗೆಯೇ. ಅದಾದ ಮೇಲೆ ಪ್ರತಿ ಪಂದ್ಯದ ಅಭ್ಯಾಸದಲ್ಲಿ ಮೂರು ಸುತ್ತಿಗೊಮ್ಮೆ ಗಾಡಿ ನಿಲ್ಲಿಸಿ ಪ್ಲಗ್ಗಿನ ಬಣ್ಣ ನೋಡುವುದನ್ನು ಬಿಡಲಿಲ್ಲ.

ಬೆಂಗಳೂರಿನಲ್ಲಿ ಮೂರನೆಯವರಾಗಿ ಬಂದೆವು. ಕಲಕತ್ತೆಯಲ್ಲಿ ಗೆದ್ದೆವು. ಎಲ್ಲರೂ ಬಿಸಿಲಿಗೆ, ತೇವಕ್ಕೆ ಒದ್ದಾಡುವಾಗ ನಮ್ಮ ಎಂಜಿನ್ ಹಾಡುತ್ತ ಹೋಯಿತು. ಮುಂಬೈಯ ಒಬ್ಬ ಚಾಲಕರು ಅಂಕದಲ್ಲಿ ಎಲ್ಲರಿಗಿಂತ ಮುಂದಿದ್ದರು. ನಾವು ಅವರ ಹಿಂದೆಯೇ ಎರಡನೆಯವರು. ಲೆಕ್ಕ ಸರಳವಾಗಿತ್ತು. ಹೈದರಾಬಾದಿನಲ್ಲಿ ನಾವು ಗೆದ್ದರೆ ಚಾಂಪಿಯನ್ ಪಟ್ಟ ಇಂಡಿಗೆ.

ಕಲಕತ್ತೆಯಿಂದ ಗಾಡಿ ಗೂಡ್ಸ್ ರೈಲಿನಲ್ಲಿ ಬಂತು. ಸಿಂದಗಿಗೆ ತಂದು ಚಾಲೂ ಮಾಡಿದ ಮೊದಲ ಗಳಿಗೆಯಲ್ಲೇ ಕಿವಿಗೆ ಬಿತ್ತು. ಎಂಜಿನ್ ಬಿಸಿಯಾದಂತೆ ಅಡಿಯಿಂದ ಒಂದು ಮಂದವಾದ ಬಡಿತ, ಯಾರೋ ಒಳಕೋಣೆಯಲ್ಲಿ ಒನಕೆ ಹಾಕಿದ ಹಾಗೆ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ಊರಿ ಕೇಳಿದೆ. ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದೆ. ಮೂರನೆಯದನ್ನು ಕಿತ್ತಾಗ ಬಡಿತ ನಿಂತಿತು. ಮತ್ತೆ ಹಾಕಿದಾಗ ಬಂತು. ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬೇರಿಂಗು ಹೋಗಿತ್ತು.

ತಪ್ಪು ನನ್ನದೇ. ಕಲಕತ್ತೆಯ ಪಟ್ಟಿಯಲ್ಲಿ ಎಡಕ್ಕೆ ತಿರುಗುವ ಒಂದು ಉದ್ದನೆಯ ತಿರುವಿತ್ತು. ಆ ವೇಗದಲ್ಲಿ ತೊಟ್ಟಿಯ ಎಣ್ಣೆಯೆಲ್ಲ ಒಂದು ಕಡೆ ಸರಿದು, ಎಣ್ಣೆ ಪಂಪು ಗಾಳಿ ಎಳೆದುಕೊಂಡಿತ್ತು. ಬೇರೆ ಮೆಕ್ಯಾನಿಕ್‌ಗಳು ಗುರುತಿಗಿಂತ ಅರ್ಧ ಲೀಟರ್ ಹೆಚ್ಚು ಎಣ್ಣೆ ಹಾಕುತ್ತಿದ್ದದ್ದನ್ನು ನಾನು ನೋಡಿದ್ದೆ. ಗುರುತು ಇರುವುದು ಏತಕ್ಕೆ ಎಂದುಕೊಂಡು ಸುಮ್ಮನಿದ್ದೆ.

ಹೈದರಾಬಾದಿನ ಪಂದ್ಯಕ್ಕೆ ಹನ್ನೆರಡು ದಿನ ಉಳಿದಿತ್ತು. ಹೊಸ ಬೇರಿಂಗಿಗೆ ಸಾವಕಾರರು ಹುಬ್ಬಳ್ಳಿ, ಸೊಲ್ಲಾಪುರ, ಮುಂಬೈ ಎಲ್ಲ ಕಡೆಗೂ ಟ್ರಂಕ್ ಕಾಲ್ ಮಾಡಿದರು. ಕಂಪನಿಯಲ್ಲಿ ಮುಷ್ಕರ ನಡೆದಿತ್ತು. ಎಲ್ಲಿಯೂ ಇರಲಿಲ್ಲ. ಇದ್ದರೂ ಹಾಕುವುದು ಹೇಗೆ? ತೊಟ್ಟಿ ಇಳಿಸಬೇಕು. ತೊಟ್ಟಿಗೆ ಮುದ್ರೆ. ಮುದ್ರೆ ಒಡೆಯಬೇಕೆಂದರೆ ಸ್ಪರ್ಧೆಯ ತಪಾಸಣಾಧಿಕಾರಿ ಎದುರಿಗೆ ಇರಬೇಕು. ಅವರ ಎದುರಿಗೇ ಒಡೆದರೂ ಮುಂದಿನ ಪಂದ್ಯದಲ್ಲಿ ಕೊನೆಯ ಸಾಲಿನಿಂದ ಹೊರಡಬೇಕು. ನಿಯಮ ಹಾಗಿತ್ತು.

ಮುದ್ದೇಬಿಹಾಳದಲ್ಲಿ ಲೇತ್ ಇಟ್ಟಿದ್ದ ನನ್ನ ಗೆಳೆಯ ಸುದ್ದಿ ಕೇಳಿ ಬಸ್ಸು ಹತ್ತಿ ಬಂದ. ಮುದ್ರೆಯನ್ನು ಹಿಡಿದು ನೋಡಿ ನಕ್ಕ.

"ಇದೇನ್ಲೆ, ಸೀಸದ ಗುಳಿಗಿ. ಇದರ ಮ್ಯಾಲ ಎರಡ ಅಕ್ಷರ, ಒಂದ ಚಕ್ರ. ನಾಳಿ ಸಂಜಿಕ ಹಿಂತಾದ್ದs ಅಚ್ಚು ಕೊರದ ಕೊಡ್ತೇನಿ. ಬಿಚ್ಚು, ಮಾಡು, ಮತ್ತ ಒತ್ತು. ಯಾರಪ್ಪಗ ಗೊತ್ತಾಗತೈತಿ?"

ಸಾವಕಾರರು ಅಲ್ಲೇ ಕುರ್ಚಿಯ ಮೇಲಿದ್ದರು. ಅವರು ಬೇಡ ಅನ್ನಲಿಲ್ಲ. ನನ್ನ ಮುಖ ನೋಡಿದರು.

"ಕೊನೀ ಸಾಲಿನಿಂದ ಗೆಲ್ಲೂದು ಆಗೂದಲ್ಲ ಹೋಗೂದಲ್ಲ ಮಿಸ್ತ್ರಿ. ನೀವs ವಿಚಾರ ಮಾಡ್ರಿ," ಎಂದರು.

ಆಸೆ ನನಗೂ ಇತ್ತು, ಇಲ್ಲವೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಆ ಮುದ್ರೆಯನ್ನು ಬೆರಳಿನಲ್ಲಿ ತಿರುವಿ ತಿರುವಿ ನೋಡಿದೆ. ಗೆಳೆಯ ಹೇಳಿದ್ದು ನಿಜ, ಅವನ ಕೈಗೆ ಅದು ಅರ್ಧ ದಿನದ ಕೆಲಸ. ಆದರೆ ಹೊಸ ಬೇರಿಂಗು ಇಲ್ಲ. ನಾನು ಮಾಡಹೊರಟದ್ದು ಹಳೆಯ ಬೇರಿಂಗಿಗೇ ಹೊಸದಾಗಿ ಲೋಹ ಹೊಯ್ಯುವ ಕೆಲಸ, ಅದರ ತೆಳ್ಳನೆಯ ಉಕ್ಕಿನ ಚಿಪ್ಪಿಗೆ ಆ ಕೆಲಸವನ್ನು ಯಾರೂ ಮಾಡಿದ್ದಿಲ್ಲ. ಓಟದ ನಡುವೆ ಆ ಲೋಹ ಕಿತ್ತು ಬಂದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಎಂಜಿನ್ ಹಿಡಿದರೆ ಹಿಂದಿನ ಚಕ್ರಗಳು ತಿರುಗದೆ ಕಟ್ಟಿಕೊಳ್ಳುತ್ತವೆ. ಆ ವೇಗದಲ್ಲಿ ಚಾವಣಿ ಇಲ್ಲದ ಗಾಡಿ ಪಲ್ಟಿಯಾದರೆ ಒಳಗಿನವರು ಉಳಿಯುವುದಿಲ್ಲ. ಆಗ ಗಾಡಿಯ ಮೇಲೆ ಮುದ್ರೆ ಸರಿಯಾಗಿಯೇ ಇರುತ್ತದೆ. ಒಳಗೆ ಏನಾಗಿತ್ತು ಎಂದು ಗೊತ್ತಿರುವವರು ಗೆಳೆಯ, ನಾನು ಇಬ್ಬರೇ. ಅದನ್ನು ಹೊತ್ತುಕೊಂಡು ಇಂಡಿಗೆ, ಅವರ ತಾಯಿಯ ಎದುರಿಗೆ ಹೋಗುವುದು ನನ್ನಿಂದ ಆಗುವ ಮಾತಲ್ಲ.

"ಕದ್ದ ಮಾಡೋ ಕೆಲಸ ಇದಲ್ರಿ ಸಾವಕಾರ್ರ. ತಪಾಸಣಿಯವರನ್ನ ಕರಸ್ರಿ. ಕೊನೀ ಸಾಲಂದ್ರ ಕೊನೀ ಸಾಲು," ಎಂದೆ.

ಅವರು ಎದ್ದು, ತಾವೇ ಪೋಸ್ಟ್ ಆಫೀಸಿಗೆ ಹೋಗಿ ತಂತಿ ಕೊಟ್ಟು ಬಂದರು.

ಮೂರನೆಯ ದಿನ ಮುಂಜಾನೆಯ ಪ್ಯಾಸೆಂಜರಿನಿಂದ ತಪಾಸಣಾಧಿಕಾರಿ ಇಂಡಿಯ ಸ್ಟೇಶನ್ನಿನಲ್ಲಿ ಇಳಿದರು. ಬೆಳಗಾವಿ ಕಡೆಯವರು, ಸೈನ್ಯದ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ಚಹಾ ಕೊಟ್ಟರೆ ಕುಡಿದರು, ಆದರೆ ಹರಟಲಿಲ್ಲ. ಸಿಂದಗಿಗೆ ಬಂದವರೇ ಮುದ್ರೆಯನ್ನು ಕನ್ನಡಿ ಹಿಡಿದು ನೋಡಿ, ತಾವೇ ತಂತಿ ಕತ್ತರಿಸಿದರು. ನಾನು ತೊಟ್ಟಿ ಇಳಿಸಿ ಮೂರನೇ ರಾಡಿನ ಕೆಳಗಿನ ಟೋಪಿ ಬಿಚ್ಚಿದೆ. ಬೇರಿಂಗು ಎಂದರೆ ಬಳೆಯನ್ನು ಎರಡು ಹೋಳು ಮಾಡಿದಂಥ ಉಕ್ಕಿನ ಚಿಪ್ಪುಗಳು, ಒಳಮೈಗೆ ಮೆತ್ತನೆಯ ಬಿಳಿ ಲೋಹದ ಪದರ. ಆ ಪದರ ಕೊಬ್ಬು ಕರಗಿದಂತೆ ಒಂದು ಕಡೆಗೆ ಮುದುಡಿತ್ತು. ಒಳಗಿನ ಕ್ರ್ಯಾಂಕಿಗೆ ಮಾತ್ರ ಗೀರು ಹೆಚ್ಚು ಬಿದ್ದಿರಲಿಲ್ಲ. ಅದೊಂದೇ ಪುಣ್ಯ.

"ಬದಲಿ ಚಿಪ್ಪು ಎಲ್ಲೈತಿ?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ. ಇದಕ್ಕs ಹೊಸ ಲೋಹ ಹೊಯ್ಬೇಕಂತ ಮಾಡೇನಿ."

ಅವರು ಚೀಲದಿಂದ ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದರು. "ಬದಲಿ ಹಾಕಿದ್ರ ಕಂಪನೀದs ಹಾಕಬೇಕಂತ ಐತಿ. ಇದ್ದದ್ದನ್ನ ದುರಸ್ತಿ ಮಾಡಬಾರದಂತ ಎಲ್ಲೂ ಇಲ್ಲ. ಮಾಡ್ರಿ. ಚಿಪ್ಪು ಮಾತ್ರ ನನ್ನ ಕಣ್ಣ ಮುಂದs ಇರಬೇಕು."

ಅಂದವರು ಎರಡೂ ಚಿಪ್ಪುಗಳನ್ನು ತಮ್ಮ ಕರವಸ್ತ್ರದಲ್ಲಿ ಗಂಟು ಕಟ್ಟಿ ಚೀಲದಲ್ಲಿಟ್ಟುಕೊಂಡರು. ಮರುದಿನ ಮುಂಜಾನೆಯೇ ಮುದ್ದೇಬಿಹಾಳದ ಬಸ್ಸು ಹಿಡಿದೆವು. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ನಾನು ಇಳಿದು ಇಬ್ಬರಿಗೂ ಚುರುಮುರಿ ತಂದೆ. ಅವರು ಆ ಚೀಲವನ್ನು ತೊಡೆಯಿಂದ ಇಳಿಸದೆಯೇ ತಿಂದರು.

ಮುದ್ದೇಬಿಹಾಳದಲ್ಲಿ ಗೆಳೆಯ ಒಲೆ ಹೊತ್ತಿಸಿಕೊಂಡು ಸಿದ್ಧನಾಗಿದ್ದ. ಪಂಪ್ ಎಂಜಿನ್ನಿನ ದಪ್ಪ ಬೇರಿಂಗುಗಳಿಗೆ ಅವನು ನೂರಾರು ಸಲ ಲೋಹ ಹೊಯ್ದವನು. ಹಳೆಯ ಪದರ ಕರಗಿಸಿ ತೆಗೆದ. ಉಕ್ಕನ್ನು ಅರದಿಂದ ಉಜ್ಜಿ, ತವರ ಬಳಿದು, ನಡುವೆ ಕಬ್ಬಿಣದ ಗೂಟ ನಿಲ್ಲಿಸಿ ಬಿಳಿ ಲೋಹ ಹೊಯ್ದ. ಆರಿದ ಮೇಲೆ ತೆಗೆದು ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿದೆವು. ಠಣ್ ಎನ್ನಬೇಕಾದ್ದು ಠಪ್ ಎಂದಿತು. ಉಗುರಿನಿಂದ ಎತ್ತಿದರೆ ಪದರ ಹಪ್ಪಳದ ಹಾಗೆ ಎದ್ದು ಬಂತು. ಎರಡನೆಯ ಸಲ ಇನ್ನೂ ಹೆಚ್ಚು ಕಾಯಿಸಿ ಹೊಯ್ದ. ಮತ್ತೆ ಹಪ್ಪಳ. ಮೂರನೆಯ ಸಲ ಅರ್ಧ ಹಿಡಿದು ಅರ್ಧ ಬಿಟ್ಟಿತು. ಮಧ್ಯಾಹ್ನವಾಯಿತು. ತಪಾಸಣಾಧಿಕಾರಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ನೋಡುತ್ತಲೇ ಇದ್ದರು.

"ಉಕ್ಕು ಭಾಳ ತೆಳು ಐತಿ. ಇದು ಆಗೂದಿಲ್ಲ ಬಿಡ್ಲೆ," ಎಂದು ಗೆಳೆಯ ಇಕ್ಕಳ ಒಗೆದ.

ನಾನು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದೆ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ತಿದಿ ಒತ್ತುತ್ತ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದಳು. ಗಂಡನಿಗೆ ಕಣ್ಣು ಮಂಜಾದ ಮೇಲೆ ಅವಳೇ ಆ ಕೆಲಸ ಮಾಡುತ್ತಾಳೆ ಎಂದು ಗೆಳೆಯ ಹೇಳಿದ. ಕಾದ ಹಂಡೆಯೊಳಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸಲ ಒರೆಸಿದಳು. ಬೆಳ್ಳಿಯ ಹಾಗೆ ತವರ ಹರಿದು ಕುಳಿತಿತು. ಎಲ್ಲಿಯೂ ಗಂಟಿಲ್ಲ, ಎಲ್ಲಿಯೂ ಬಿಟ್ಟ ಜಾಗವಿಲ್ಲ. ನಾವು ಮುಂಜಾನೆಯಿಂದ ಮಾಡಲು ಹೆಣಗುತ್ತಿದ್ದದ್ದೂ ಅದನ್ನೇ ಅಲ್ಲವೇ ಎನ್ನಿಸಿತು. ತಪಾಸಣಾಧಿಕಾರಿಗೆ ಹೇಳಿ ಚಿಪ್ಪನ್ನು ಅವಳ ಹತ್ತಿರ ಒಯ್ದೆವು. ಅವಳು ಅದನ್ನು ಕೈಯಿಂದ ಮುಟ್ಟಲಿಲ್ಲ. ಇಕ್ಕಳದಿಂದ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು.

"ಯಾರ ಹಿಡದಿದ್ರಿ ಇದನ್ನ?"

"ನಾವs ಅವ್ವ."

"ನಿಮ್ಮ ಕೈ ನೋಡ್ಕೊಳ್ರಿ. ಮೊಣಕೈತನಾ ಎಣ್ಣಿ. ಎಣ್ಣಿ ಇದ್ದಲ್ಲಿ ತವರಾ ಕುಂದ್ರತೈತೇನು? ಹಂಡೇಕ ಕುಂದ್ರೂದಿಲ್ಲ, ಇದಕ್ಕ ಕುಂದ್ರತೈತಿ?"

ಅದು ಇಷ್ಟು ಸಣ್ಣ ಮಾತು. ನಾವಿಬ್ಬರೂ ಎಣ್ಣೆಯಲ್ಲೇ ಬದುಕುವವರು, ಕೈಯಲ್ಲಿ ಎಣ್ಣೆ ಇರುವುದೇ ನಮಗೆ ಕಾಣುತ್ತಿರಲಿಲ್ಲ. ದಪ್ಪ ಬೇರಿಂಗಿಗೆ ಬೆಂಕಿಯಲ್ಲಿ ಆ ಎಣ್ಣೆ ಸುಟ್ಟುಹೋಗುವಷ್ಟು ಕಾವು ಕೊಡಬಹುದು. ಈ ತೆಳು ಚಿಪ್ಪಿಗೆ ಅಷ್ಟು ಕೊಟ್ಟರೆ ಸೊಟ್ಟಗಾಗುತ್ತದೆಂದು ಕೊಟ್ಟಿರಲಿಲ್ಲ.

ಅವಳು ಎರಡೂ ಚಿಪ್ಪುಗಳನ್ನು ಸೋಡಾ ನೀರಿನಲ್ಲಿ ಕುದಿಸಿದಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದಳು. ಆಮೇಲೆ ಯಾರೂ ಬೆರಳು ತಾಗಿಸದಂತೆ ಇಕ್ಕಳದಲ್ಲೇ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಹತ್ತಿಯಿಂದ ಎಳೆದಳು. ಉಕ್ಕಿನ ಒಳಮೈ ಕನ್ನಡಿಯಾಯಿತು.

"ಹ್ಞಾ, ಈಗ ಒಯ್ದ ಹೊಯ್ರಿ. ಓಡ್ರಿ, ಆರಗೊಡಬ್ಯಾಡ್ರಿ!"

ಗೆಳೆಯ ಇಕ್ಕಳ ಹಿಡಿದು ರಸ್ತೆ ದಾಟಿ ಓಡಿದ. ಹಿಂದೆ ನಾನು, ನನ್ನ ಹಿಂದೆ ಖಾಕಿ ಅಂಗಿಯ ಸಾಹೇಬರು. ಹೊಯ್ದೆವು. ಆರಿದ ಮೇಲೆ ಕಲ್ಲಿಗೆ ತಟ್ಟಿದಾಗ ಗಂಟೆಯ ಹಾಗೆ ನುಡಿಯಿತು. ಗೆಳೆಯ ನನ್ನ ಬೆನ್ನಿಗೆ ಒಂದು ಗುದ್ದಿದ.

ಸಾಹೇಬರು ಅಷ್ಟಕ್ಕೇ ಒಪ್ಪಲಿಲ್ಲ. ಚಿಪ್ಪುಗಳನ್ನು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಒರೆಸಿ, ಉಕ್ಕು ಮತ್ತು ಲೋಹ ಕೂಡುವ ಅಂಚಿಗೆ ಬಿಳಿ ಸುದ್ದೆಮಣ್ಣಿನ ಪುಡಿ ಬಳಿದರು. ಎಲ್ಲಿಯಾದರೂ ಬಿಟ್ಟುಕೊಂಡಿದ್ದರೆ ಒಳಗೆ ಸೇರಿದ ಸೀಮೆಎಣ್ಣೆ ಜಿನುಗಿ ಪುಡಿ ಒದ್ದೆಯಾಗಬೇಕು. ಕಾದು ನೋಡಿದರು. ಪುಡಿ ಒಣಗಿಯೇ ಇತ್ತು. "ಸೈನ್ಯದಾಗ ಹಿಂಗs ನೋಡ್ತಿದ್ದಿವಿ," ಎಂದರು. ಅಂದು ಅವರು ತಾವಾಗಿ ಆಡಿದ ಮೊದಲ ಮಾತು ಅದು.

ರಾಡಿನ ಬಾಯಿಯಷ್ಟೇ ಅಳತೆಯ ಉಕ್ಕಿನ ಬಳೆ ಮಾಡಿ, ಚಿಪ್ಪುಗಳನ್ನು ಅದರಲ್ಲಿ ಬಿಗಿದು, ಲೇತಿನಲ್ಲಿ ಗೆಳೆಯ ಒಳಮೈ ಕೊರೆದ. ಕೊನೆಯ ಹದ ನನ್ನ ಪಾಲಿನದು. ಸಿಂದಗಿಗೆ ಮರಳಿ ಎರಡು ದಿನ ಗಾಡಿಯ ಕೆಳಗೆ ಬೆನ್ನ ಮೇಲೆ ಮಲಗಿದೆ. ಮೊದಲು ಕ್ರ್ಯಾಂಕನ್ನು ಎಣ್ಣೆ ಹಚ್ಚಿದ ಸಣಬಿನ ಹುರಿಯಿಂದ ಎಳೆದೆಳೆದು ನುಣುಪು ಮಾಡಿದೆ. ಅದಕ್ಕೆ ತೆಳುವಾಗಿ ನೀಲಿ ಬಳಿದು, ಚಿಪ್ಪು ಕೂಡಿಸಿ, ಒಂದು ಸುತ್ತು ತಿರುಗಿಸಿ ಬಿಚ್ಚುವುದು. ನೀಲಿ ಹತ್ತಿದ ಕಡೆ ಉಬ್ಬಿದೆ ಎಂದರ್ಥ, ಅಲ್ಲಿ ಹೆರೆಯುವ ಉಳಿಯಿಂದ ಕೂದಲೆಳೆಯಷ್ಟು ಹೆರೆಯುವುದು. ಮತ್ತೆ ನೀಲಿ, ಮತ್ತೆ ಹೆರೆಯುವುದು. ಸಂದು ಸರಿಯಿದೆಯೇ ಎಂದು ಸಿಗರೇಟಿನ ಒಳಕಾಗದದ ಪಟ್ಟಿ ಇಟ್ಟು ಬಿಗಿದು ನೋಡುವುದು. ಕಾಗದ ಇದ್ದಾಗ ಬಿಗಿಯಾಗಬೇಕು, ತೆಗೆದಾಗ ಸಲೀಸಾಗಿ ತಿರುಗಬೇಕು. ನಲವತ್ತನೆಯ ಸಲವೋ ಐವತ್ತನೆಯದೋ, ಚಿಪ್ಪಿನ ತುಂಬ ಸಣ್ಣ ಸಣ್ಣ ನೀಲಿ ಚುಕ್ಕೆ ಸಮನಾಗಿ ಮೂಡಿತು. ಸಾಹೇಬರು ಕೆಳಗೆ ಬಗ್ಗಿ ಟಾರ್ಚು ಹಾಕಿ ನೋಡಿದರು. ತೊಟ್ಟಿ ಕೂಡಿಸಿದ ಮೇಲೆ ಹೊಸ ತಂತಿ, ಹೊಸ ಮುದ್ರೆ.

ಅವರು ಹೊರಡುವಾಗ ಕೇಳಿದೆ, "ತಡೀತೈತೇನ್ರಿ ಸಾಹೇಬ್ರ?"

"ಅದನ್ನ ಹೇಳೂದು ನನ್ನ ಕೆಲಸಲ್ಲ. ಕೊನೀ ಸಾಲು, ನೆನಪಿರ್ಲಿ," ಎಂದು ಬಸ್ಸು ಹತ್ತಿದರು.

ಹೊಸ ಲೋಹಕ್ಕೆ ಮೊದಲು ಮೆಲ್ಲಗೆ ಓಡಿಸಿ ಹದ ಕೊಡಬೇಕು. ಉಳಿದ ದಿನಗಳಲ್ಲಿ ಸಾವಕಾರರೂ ನಾನೂ ಸಿಂದಗಿಯಿಂದ ಇಂಡಿ, ಇಂಡಿಯಿಂದ ಚಡಚಣ, ಅಲ್ಲಿಂದ ಹಿಂದಕ್ಕೆ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಓಡಾಡಿದೆವು. ರೇಸಿನ ಗಾಡಿ ಹೀಗೆ ತೆವಳುವುದನ್ನು ಕಂಡು ಚಡಚಣದ ದ್ರಾಕ್ಷಿ ವ್ಯಾಪಾರಿಗಳು ಕೈ ಬೀಸಿ ನಗುತ್ತಿದ್ದರು. ಆದರೂ ಹದಕ್ಕೆ ಇನ್ನೂ ಓಟ ಬೇಕಾಗಿತ್ತು. ದಿನ ಉಳಿದಿರಲಿಲ್ಲ. ಹಾಗಾಗಿ ಉಳಿದ ಹದವನ್ನು ಪಂದ್ಯದಲ್ಲೇ ಕೊಡಬೇಕೆಂದು ತೀರ್ಮಾನಿಸಿದೆ.

ಹೈದರಾಬಾದಿನ ಪಂದ್ಯ ಇಪ್ಪತ್ತು ಸುತ್ತಿನದು. ಒಂದು ಹಲಗೆಯ ಒಂದು ಮೈಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಳಿದಿದ್ದೆ.

"ಕೆಂಪು ಕಂಡ್ರ ಎಂಜಿನ್ ಸುತ್ತಿನ ಮೀಟರಿನಾಗ ಐದ ಸಾವಿರದ ಗುರುತು ದಾಟಬ್ಯಾಡ್ರಿ ಸಾವಕಾರ್ರ, ಯಾರ ಮುಂದ ಹೋದ್ರೂ ಹೋಗ್ಲಿ. ಆರ ಸುತ್ತು ತಡೀರಿ. ನನ್ನ ಮುಂದ ದಾಟೂವಾಗ ಎಣ್ಣಿ ಒತ್ತಡದ ಮುಳ್ಳು ಎಲ್ಲೈತಿ ಅಂತ ಬೆರಳ ತೋರಸ್ರಿ. ನಾಕ ಬೆರಳಂದ್ರ ಚಲೋ. ಮೂರ ಆದ್ರ ನಿಲ್ಲಿಸಿಬಿಡ್ರಿ."

"ಹಸರ?"

"ಹಸರ ಕಂಡ್ರ ಗಾಡಿ ನಿಮ್ಮದು."

ಗುರುತಿಗಿಂತ ಅರ್ಧ ಲೀಟರ್ ಹೆಚ್ಚು ಎಣ್ಣೆ ಹಾಕಿ ಕಳಿಸಿದೆ. ಹದಿನೆಂಟು ಗಾಡಿಗಳಲ್ಲಿ ಹದಿನೆಂಟನೆಯದಾಗಿ ಹೊರಟರು. ಮೊದಲ ಸುತ್ತು ಮುಗಿಯುವಾಗ ಮುಂದಿನ ಗಾಡಿ ಕಣ್ಣಿಗೆ ಸಣ್ಣದಾಗಿತ್ತು. ಕೆಂಪು ಹಿಡಿದೆ. ನಾಲ್ಕು ಬೆರಳು. ಎರಡನೇ ಸುತ್ತು, ನಾಲ್ಕು ಬೆರಳು. ಪಕ್ಕದವರು ನಮ್ಮ ಗಾಡಿಗೆ ಏನೋ ಆಗಿದೆ ಎಂದುಕೊಂಡರು. ಐದನೇ ಸುತ್ತಿನಲ್ಲಿ ಮುಂಬೈಯವರು ಮೊದಲಿನಲ್ಲಿದ್ದರು.

ಆರನೇ ಸುತ್ತು ಬಂತು. ನಾಲ್ಕು ಬೆರಳು. ಹಲಗೆ ತಿರುಗಿಸಬೇಕಿತ್ತು. ಗಾಡಿ ದಾಟಿ ಹೋಗುವಾಗ ಏನೋ ಬಡಿದ ಹಾಗೆ ಕೇಳಿಸಿತು, ಅಥವಾ ಕೇಳಿಸಿತೆಂದು ನನಗನ್ನಿಸಿತು. ಕೈ ತಿರುಗಲಿಲ್ಲ. ಏಳನೇ ಸುತ್ತಿನಲ್ಲಿ ಕಣ್ಣು ಮುಚ್ಚಿ ಕಿವಿಯನ್ನಷ್ಟೇ ತೆರೆದು ನಿಂತೆ. ಬಡಿತ ಇರಲಿಲ್ಲ. ಆದರೂ ಇನ್ನೊಂದು ಸುತ್ತು ನೋಡೋಣ ಎಂದುಕೊಂಡೆ. ಎಂಟನೆಯ ಸುತ್ತಿನಲ್ಲಿ ಹಸಿರು ತೋರಿಸಿದೆ.

ಆಮೇಲಿನ ಹನ್ನೆರಡು ಸುತ್ತುಗಳನ್ನು ಹೇಳುವುದು ನನಗೆ ಈಗಲೂ ಕಷ್ಟ. ಸುತ್ತಿಗೊಂದು, ಎರಡು ಗಾಡಿ ಹಿಂದೆ ಬಿದ್ದವು. ಎಲ್ಲರ ಟೈರೂ ಸವೆದು ಜಾರುತ್ತಿದ್ದವು. ಎಂಟು ಸುತ್ತು ತಡೆದು ಓಡಿಸಿದ್ದರಿಂದ ನಮ್ಮವು ಗಟ್ಟಿಯಾಗಿದ್ದವು. ಹದಿನಾರನೇ ಸುತ್ತಿಗೆ ಐದನೆಯವರು. ಹದಿನೆಂಟಕ್ಕೆ ಮೂರನೆಯವರು. ಹತ್ತೊಂಬತ್ತರಲ್ಲಿ ಮುಂದೆ ಮುಂಬೈಯ ಗಾಡಿ ಒಂದೇ ಉಳಿಯಿತು. ಕೊನೆಯ ತಿರುವು ಹೊರಳಿ ನೆಟ್ಟನೆಯ ಪಟ್ಟಿಗೆ ಬಂದಾಗ ಎರಡೂ ಗಾಡಿ ಒಂದರ ಬಾಲಕ್ಕೆ ಒಂದು. ಸಾವಕಾರರು ಪಕ್ಕಕ್ಕೆ ಸರಿದು ಮುನ್ನುಗ್ಗಿದರು. ಗೆರೆ ದಾಟುವಾಗ ನಮ್ಮ ಮುಂದಿನ ಚಕ್ರ ಅವರ ಬಾಗಿಲಿನ ಹತ್ತಿರ ಇತ್ತು.

ಎರಡನೆಯವರು. ಚಾಂಪಿಯನ್ ಪಟ್ಟವೂ ಎರಡನೆಯದು.

ಪಂದ್ಯ ಮುಗಿದ ಮೇಲೆ ಮೊದಲ ಮೂರು ಗಾಡಿಗಳ ಎಂಜಿನ್ ಬಿಚ್ಚಿ ನೋಡುವುದು ನಿಯಮ. ಎಲ್ಲರ ಎದುರಿಗೆ ತೊಟ್ಟಿ ಇಳಿಸಿ, ಚಿಪ್ಪುಗಳನ್ನು ತೆಗೆದು ತಪಾಸಣಾಧಿಕಾರಿಯ ಮುಂದೆ ಬಿಳಿ ಬಟ್ಟೆಯ ಮೇಲೆ ಇಟ್ಟೆ. ಪದರ ಹಾಗೇ ಇತ್ತು. ಒಂದು ಬಿರುಕಿಲ್ಲ, ಒಂದು ಕಡೆ ಮುದುಡಿಲ್ಲ. ಮೈಯೆಲ್ಲ ಸಮನಾಗಿ ಹೊಳೆಯುತ್ತಿತ್ತು. ಬೇರೆ ತಂಡದ ಮೆಕ್ಯಾನಿಕ್‌ಗಳು ಸುತ್ತ ನಿಂತರು. ಎಲ್ಲಿ ಮಾಡಿಸಿದಿರಿ ಎಂದು ಮುಂಬೈಯ ಮೆಕ್ಯಾನಿಕ್ ಹಿಂದಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಸಾಹೇಬರೇ ಮುದ್ದೇಬಿಹಾಳ ಎಂದರು. ವರದಿಯಲ್ಲೂ ಹಾಗೆಯೇ ಬರೆದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಹತ್ತ ಪಂದ್ಯ ತಡೀತಿತ್ತು," ಎಂದರು.

ಅವರು ಮೆಚ್ಚಿ ಹೇಳಿದ್ದು. ನನಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ತಡೆಯುವ ಬೇರಿಂಗನ್ನು ಕಟ್ಟಿದ್ದವನೂ ನಾನೇ, ಅದು ತಡೆಯುವುದಿಲ್ಲವೆಂದು ಎರಡು ಸುತ್ತು ಹೆಚ್ಚು ಹೆದರಿದವನೂ ನಾನೇ. ಮತ್ತೊಂದು ಅವಕಾಶವೂ ಸಿಗಲಿಲ್ಲ. ಮರುವರ್ಷ ಆ ಸ್ಪರ್ಧೆ ನಡೆಯಲಿಲ್ಲ, ಆಮೇಲೆಯೂ ನಡೆಯಲಿಲ್ಲ.

ಮರುದಿನ ಗಾಡಿಯನ್ನು ಹಿಂದೆ ಹೇರಿಕೊಂಡು ಲಾರಿಯಲ್ಲಿ ಗುಲಬರ್ಗಾ ದಾಟಿದೆವು. ಸಾವಕಾರರು ಡ್ರೈವರನ ಪಕ್ಕ, ನಾನು ಕಿಟಕಿಯ ಬದಿ. ಹೇಳದೆ ಇರಲಾಗಲಿಲ್ಲ.

"ಆರನೇ ಸುತ್ತಿಗೆ ಹಸರ ತೋರಸಬೇಕಾಗಿತ್ರಿ. ಎರಡ ಸುತ್ತು ಕಳದೆ. ತಪ್ಪ ನಂದು."

"ನನಗ ನಾಕನೇ ಸುತ್ತಿಗೇ ಗೊತ್ತಾಗಿತ್ತು ಮಿಸ್ತ್ರಿ. ಎಂಜಿನ್ ಗಟ್ಟಿ ಐತಿ ಅಂತ ಅಂಗಾಲಿಗೇ ತಿಳೀತಿತ್ತು."

"ಮತ್ತ ಯಾಕ ಬಿಡಲಿಲ್ರಿ? ನೀವs ಬಿಟ್ಟಿದ್ರ ನಾ ಏನ ಮಾಡ್ತಿದ್ದೆ?"

ಅವರು ನನ್ನ ಕಡೆ ತಿರುಗಿದರು. ಹಿಂದಿನ ದಿನದ ಓಟದ ಗಾಳಿಗೆ ಕಣ್ಣು ಇನ್ನೂ ಕೆಂಪಾಗಿದ್ದವು.

"ನೀವು ಕೆಂಪು ಹಿಡದಿದ್ರಲ್ಲ," ಎಂದರು.

ನಾನು ಮುಖ ಹೊರಗೆ ತಿರುಗಿಸಿದೆ. ತೊಗರಿ ಕೊಯ್ದ ಹೊಲಗಳಲ್ಲಿ ಬಿಸಿಲು ಬಿದ್ದಿತ್ತು. ಬಹಳ ದೂರದವರೆಗೆ ನಾನು ಅತ್ತಲೇ ನೋಡುತ್ತ ಕುಳಿತಿದ್ದೆ.